ಲಕ್ಕಿ ಸೊಪ್ಪಿನ ತಪ್ಪಲ್ಲ, ಕಾಳು ಒಣಗಿಲ್ಲ

ತೊಗರಿ, ಅವರೆ, ಹುರಳಿ ಎಲ್ಲ ಬಡಿದು ಮನೆಗೆ ಬಂದಾಯ್ತು. ಇನ್ನು ನುಸಿ ಕಾಟ ಶುರು. ಅದರ ಹಿಂದೇನೇ ಅಂಗಡಿಯಿಂದ ಮಾತ್ರೆ ತರೋದೂ ಶುರು. ಇವತ್ತು ಬರೀತಿರೋದು ಆ ಮಾತ್ರೆ ಬೇಡ ಅಂತ ಹೇಳೋಕೆ.

ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದ್ರೆ ಸಾಕು, ಫಾಸ್ಫೀನ್ ಅನ್ನೋ ವಿಷಗಾಳಿ ಬಿಡುತ್ತೆ. ದೊಡ್ಡ ಗೋದಾಮಿನಲ್ಲಿ, ತರಬೇತಿ ಆದೋರು, ಜನ ಇಲ್ಲದಾಗ ಮುಚ್ಚಿ ಹಾಕೋ ವಸ್ತು ಅದು. ಮನೆ ಬಳಕೆಗೆ ಬಿಡಿಯಾಗಿ ಮಾರೋ ಹಾಗಿಲ್ಲ. ಆದ್ರೂ ಪೇಪರಲ್ಲಿ ಸುತ್ತಿ ಕೊಡ್ತಾರೆ, ನಾವೂ ತಂದು ಮಕ್ಕಳು ಮಲಗೋ ಕೋಣೇಲಿರೋ ಮೂಟೆಗೇ ಹಾಕ್ತೀವಿ. ಆ ವಿಷ ಇಳಿಸೋ ಮದ್ದು ಯಾವ ಆಸ್ಪತ್ರೇಲೂ ಇಲ್ಲ. ಎರಡು ಮೂಟೆ ತೊಗರಿಗೆ ಇಷ್ಟು ದೊಡ್ಡ ಜೂಜಾ?

"ಲಕ್ಕಿ ಸೊಪ್ಪು ಹಾಕಿ ನೋಡಿದ್ವಿ, ಏನೂ ಪ್ರಯೋಜನ ಇಲ್ಲ" ಅನ್ನೋರು ಬಹಳ ಜನ. ಸರಿ, ಸೊಪ್ಪು ಹೆಂಗೆ ಒಣಗಿಸಿದ್ರಿ? ಬೇಲಿಯಿಂದ ಹಸೀದೇ ತರಿದು ಚೀಲಕ್ಕೆ ತುರುಕಿದ್ರೆ ಅದರ ತೇವ ಕಾಳಿಗೆ ಇಳಿದು ಬೂಷ್ಟು ಬರುತ್ತೆ. ಕೆಂಡದಂಥ ಬಿಸಿಲಿಗೆ ಹರಡಿದ್ರೆ ಘಾಟು ಹಾರಿಹೋಗುತ್ತೆ. ಲಕ್ಕಿ ಕೆಲಸ ಮಾಡೋದೇ ಆ ಘಾಟಿಂದ. ನಮ್ಮವ್ವ ಸಣ್ಣ ಸಣ್ಣ ಕಟ್ಟು ಮಾಡಿ ಜಗಲಿ ತೊಲೆಗೆ ತಲೆಕೆಳಗಾಗಿ ನೇತು ಹಾಕ್ತಿದ್ಳು. ನೆರಳಿರಬೇಕು, ಗಾಳಿ ಆಡಬೇಕು, ಹಿಸುಕಿದ್ರೆ ಪುಡಿ ಆಗಬೇಕು, ಮೂಸಿದ್ರೆ ಮೂಗಿಗೆ ಹೊಡೀಬೇಕು. ಬೇವೂ ಹಾಗೇ. ಎಲೆಗಿಂತ ಬೀಜದಲ್ಲಿ ಸತ್ವ ಜಾಸ್ತಿ, ಬಿಸಿಲಿಗೆ ಆ ಸತ್ವ ಕಳೆದುಹೋಗುತ್ತೆ. ಮುಂಗಾರಿನ ಶುರುವಲ್ಲಿ ಉದುರೋ ಹಣ್ಣು ಆರಿಸಿ, ತಿರುಳು ತೊಳೆದು, ನೆರಳಲ್ಲೇ ಒಣಗಿಸಿಡಿ. (ಯುಗಾದಿ ಹೊತ್ತಿಗೆ ಉದುರೋ ಹೂವನ್ನೂ ಬಿಡಬೇಡಿ. ಒಣಗಿಸಿಟ್ಟು ತುಪ್ಪದಲ್ಲಿ ಹುರಿದು ಸಾರಿಗೆ ಹಾಕಿದ್ರೆ ಅದರ ರುಚಿಯೇ ಬೇರೆ.)

ಎರಡನೇ ಪ್ರಶ್ನೆ, ಕಾಳು ಎಷ್ಟು ಒಣಗಿತ್ತು? ಈ ಹುಳ ಚೀಲದಲ್ಲಿ ತಾನಾಗಿ ಹುಟ್ಟಲ್ಲ. ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತೆ. ಕಾಳಿನ ಮೇಲೆ ಬಿಳಿ ಚುಕ್ಕೆ ಕಾಣುತ್ತಲ್ಲ, ಅದೇ ಮೊಟ್ಟೆ. ಮರಿ ಕೊರೆದು ಒಳಗೆ ಸೇರಿದ ಮೇಲೆ ಯಾವ ಸೊಪ್ಪಿನ ಘಾಟೂ ಅದನ್ನ ಮುಟ್ಟಲ್ಲ. ಹೆಚ್ಚುಕಡಿಮೆ ತಿಂಗಳಿಗೊಂದು ಪೀಳಿಗೆ ಎದ್ದು ಬರುತ್ತೆ. ಅದಕ್ಕೇ ಸೊಪ್ಪಿಗೆ ನೆರಳು, ಕಾಳಿಗೆ ಬಿಸಿಲು. ಮೂರು ನಾಲ್ಕು ದಿನ ತೆಳ್ಳಗೆ ಹರಡಿ ಕೈಯಾಡಿಸಿ. ಹಲ್ಲಲ್ಲಿ ಕಡಿದ್ರೆ ಕಟ್ ಅನ್ನಬೇಕು. ಬಿಸಿ ಬಿಸಿಯಾಗೇ ಕಟ್ಟಬೇಡಿ, ಬೆವರುತ್ತೆ. ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ತುಂಬಿ, ಪದರಕ್ಕೊಂದು ಹಿಡಿ ಒಣಸೊಪ್ಪು ಹಾಕಿ. ತಿನ್ನೋ ತೊಗರಿಗೆ ಕೆಜಿಗೆ 5 ಮಿಲಿ ಹರಳೆಣ್ಣೆ ಸವರಿದ್ರೆ ಇನ್ನೂ ಒಳ್ಳೇದು. ಬೇಗ ಬೇಳೆ ಮಾಡಿಸಿಬಿಟ್ರೆ ಈ ಹುಳ ಅಷ್ಟಾಗಿ ಬರೋದೇ ಇಲ್ಲ.

ಬಿತ್ತನೆ ಬೀಜಕ್ಕೆ ಜರಡಿ ಹಿಡಿದ ಒಲೆ ಬೂದಿ ಸಾಕು. ಬಜೆ ಪುಡಿ ಇದ್ರೆ ಕೆಜಿಗೆ 10 ಗ್ರಾಂ. ಆದ್ರೆ ಬಜೆ ಬಿತ್ತನೆಗೆ ಮಾತ್ರ, ತಿನ್ನೋ ಕಾಳಿಗೆ ಬೇಡ. "ಕೂಸಿಗೇ ತೇದು ನೆಕ್ಕಿಸ್ತೀವಲ್ಲ" ಅಂತೀರಿ. ನನಗೆ ಅದೂ ಒಪ್ಪಿಗೆ ಇಲ್ಲ. ಅದರಲ್ಲಿ ಬೀಟಾ ಅಸರೋನ್ ಅಂತ ಒಂದು ಅಂಶ ಇದೆ, ಅದು ಒಳ್ಳೇದಲ್ಲ ಅಂತ ಅಮೆರಿಕದಲ್ಲಿ 1968ರಲ್ಲೇ ಆಹಾರಕ್ಕೆ ಬಜೆ ಹಾಕೋದನ್ನ ನಿಲ್ಲಿಸಿದ್ರು. ಅಜ್ಜಿ ಮಾಡ್ತಿದ್ಳು ಅಂತ ಎಲ್ಲಾನೂ ಕಣ್ಮುಚ್ಚಿ ಮಾಡೋಕಾಗುತ್ತಾ?

ಇದೆಲ್ಲ ಮನೆ ಮಟ್ಟದ ಮಾತು. ಇಪ್ಪತ್ತು ಕ್ವಿಂಟಾಲ್ ಕೂಡಿಡೋರಿಗೆ ಸೊಪ್ಪು ಸಾಲಲ್ಲ, ಅವರು ಗೋದಾಮಿಗೆ ಹಾಕಲಿ.

ಇನ್ನೊಂದು. ಬದು ಸವರೋಕೆ ಜೆಸಿಬಿ ಕರೆಸ್ತಿರೋರು ಲಕ್ಕಿ ಪೊದೆ ಕೀಳಿಸಬೇಡಿ. ದನ ಮೇಯಲ್ಲ, ನೀರು ಕೇಳಲ್ಲ, ಅದರ ಪಾಡಿಗೆ ಅದಿರುತ್ತೆ. ಈಗಾಗ್ಲೇ ಕಿತ್ತಿರೋರು ಮಳೆ ಬಿದ್ದ ಮೇಲೆ ಬನ್ನಿ. ನಮ್ಮ ತೆಂಗಿನ ಸಾಲಿನ ಪಕ್ಕದ ಬದುವಲ್ಲಿ ನಾಲ್ಕು ಪೊದೆ ಇದೆ, ಕಡ್ಡಿ ಕಡ್ಕೊಂಡು ಹೋಗಿ ನೆಡಿ. ಮಚ್ಚು ಮಾತ್ರ ನೀವೇ ತನ್ನಿ.