ಹೆಸರು ಗೊತ್ತಿದ್ದವರು ದಾಟಿಸಬೇಕು

ಓದುಗರಲ್ಲಿ ಒಂದು ಕೋರಿಕೆ. ಅಂತರ್ಜಾಲದಲ್ಲಿ ನಿಮಗೆ ಸಿಕ್ಕ ಒಂದು ಒಳ್ಳೆಯ ವಸ್ತುವನ್ನು ಈ ತಿಂಗಳು ಒಬ್ಬರಿಗೆ, ಒಬ್ಬರಿಗೇ, ತಲುಪಿಸಿ. ಗುಂಪಿಗೆ ಎಸೆಯುವುದು ಬೇಡ, ಅಲ್ಲಿ ಶುಭೋದಯದ ಹೂಗಳ ರಾಶಿಯಲ್ಲಿ ಅದೂ ಹೂತುಹೋಗುತ್ತದೆ. ಯಾರಿಗೆ ಬೇಕೋ ಅವರ ಪಕ್ಕ ಕೂತು ತೋರಿಸಿ.

ಇದನ್ನು ಬರೆಯುವಂತೆ ಮಾಡಿದವರು ಧಾರವಾಡದ ನಮ್ಮ ಪಕ್ಕದ ಮನೆಯ ಕಾಕೂ. ನಲವತ್ತು ವರ್ಷದಿಂದ ಕಸೂತಿ ಹಾಕುತ್ತಿದ್ದಾರೆ. ಗೋಪುರ, ತೇರು, ತುಳಸಿ ಬೃಂದಾವನ, ಎಲ್ಲವೂ ಬಟ್ಟೆಯ ಎಳೆ ಎಣಿಸಿಯೇ. ಪೆನ್ಸಿಲ್ ಗೆರೆ ಎಳೆದುಕೊಳ್ಳುವುದು ಅವರ ದೃಷ್ಟಿಯಲ್ಲಿ ಕಳ್ಳತನ. ಒಂದು ಸಂಜೆ ಅವರಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ಬಿಳಿ ಲಿನನ್ ಬಟ್ಟೆಯ ಮೇಲೆ ಕಪ್ಪು ರೇಷ್ಮೆ ದಾರದ ಸೂಜಿ ಚಿತ್ತಾರ. ಹದಿನಾರನೇ ಶತಮಾನದ ಇಂಗ್ಲೆಂಡಿನಲ್ಲಿ ಅಂಗಿಯ ಕಾಲರು, ತೋಳಿನ ಅಂಚುಗಳಿಗೆ ಹಾಕುತ್ತಿದ್ದ ಕೆಲಸ. ಬ್ಲ್ಯಾಕ್‌ವರ್ಕ್ ಅಂತ ಹೆಸರು. ಅದರ ಮುಖ್ಯ ಹೊಲಿಗೆಯನ್ನು ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ, ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಆ ಅಂಚುಗಳು ಎದ್ದು ಕಾಣುವುದರಿಂದ.

ಕಾಕೂ ಕನ್ನಡಕ ಏರಿಸಿಕೊಂಡು ನೋಡಿದರು. "ಇದು ನಮ್ಮ ಗವಂತಿನ ಅಲ್ಲೇನ! ಹಿಂದ ಹೆಂಗದ ತೋರಸು, ಗಂಟು ಅದನೋ ಏನೋ ನೋಡೋಣು."

ಮೊಬೈಲನ್ನು ಹಿಂದೆ ತಿರುಗಿಸಿದರೆ ಏನು ಕಾಣುತ್ತದೆ? ಇಬ್ಬರೂ ನಕ್ಕೆವು. ಆದರೆ ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೋಗಿ, ಬಂದ ದಾರಿಯಲ್ಲೇ ಮರಳುತ್ತ ಬಿಟ್ಟ ಜಾಗ ತುಂಬುತ್ತದೆ. ಅದಕ್ಕೇ ಎರಡೂ ಬದಿ ಒಂದೇ ತರಹ. ಹೋಲ್ಬೈನ್ ಹೊಲಿಗೆಯೂ ಹೀಗೇ. ಆ ಬಟ್ಟೆ ಬಿಳಿ, ಇಲ್ಲಿ ಕಸೂತಿ ಹಾಕುವ ಚಂದ್ರಕಾಳಿ ಸೀರೆ ಕಪ್ಪು, ಅಷ್ಟೇ ವ್ಯತ್ಯಾಸ ಅಂದರು ಕಾಕೂ. ಪೂರ್ತಿ ಒಪ್ಪಲಾರೆ, ವಾದಕ್ಕೂ ಇಳಿಯಲಿಲ್ಲ.

ನನಗೆ ಹೊಳೆದದ್ದು ಬೇರೆ. ಕಸೂತಿ ಎಂದು ಹುಡುಕಿದರೆ ಬ್ಲ್ಯಾಕ್‌ವರ್ಕ್ ತಾನಾಗಿ ಎದುರು ಬಂದು ನಿಲ್ಲುವುದಿಲ್ಲ. ಹುಡುಕಲು ಮೊದಲು ಹೆಸರು ಗೊತ್ತಿರಬೇಕು. ಹೆಸರು ಗೊತ್ತಿರುವವರಿಗೆ ಕಾಕೂ ಗೊತ್ತಿರುವುದಿಲ್ಲ. ಇಬ್ಬರನ್ನೂ ಬಲ್ಲವರು ನಾನು, ನೀವು.

ನಿಮ್ಮ ಸುತ್ತಲೂ ಇಂಥ ಜೋಡಿಗಳಿವೆ. ಕ್ರೋಶಾ ಹಾಕುವ ಅತ್ತಿಗೆಗೆ ರ್‍ಯಾವೆಲ್ರಿ ಬಗ್ಗೆ ಯಾರಾದರೂ ಹೇಳಿದ್ದಾರಾ? 2007ರಲ್ಲಿ ಅಮೆರಿಕದ ದಂಪತಿ ಶುರುಮಾಡಿದ, ಹೆಣಿಗೆ ಮತ್ತು ಕ್ರೋಶಾದವರ ಅಂತರ್ಜಾಲ ಕೂಟ ಅದು. ಇಂಗ್ಲಿಷ್ ಬಾರದಿದ್ದರೂ ಹೆಣಿಗೆಯ ನಕಾಶೆಯ ಗುರುತುಗಳನ್ನು ಓದಬಹುದು. ಕೆಲವು ವಿನ್ಯಾಸ ಉಚಿತ, ಕೆಲವಕ್ಕೆ ದುಡ್ಡು ಕೊಡಬೇಕು. ದುಡ್ಡು ಕೊಟ್ಟು ತೆಗೆದುಕೊಂಡದ್ದನ್ನು ದಯವಿಟ್ಟು ಹಂಚಬೇಡಿ, ವಿಳಾಸವನ್ನಷ್ಟೇ ಕಳಿಸಿ. ಕಾಡು, ಹಕ್ಕಿ ಎಂದರೆ ಊಟ ಬಿಡುವ ಮಗುವಿಗೆ ರೋಹನ್ ಚಕ್ರವರ್ತಿ 2010ರಿಂದ ಬರೆಯುತ್ತಿರುವ ಗ್ರೀನ್ ಹ್ಯೂಮರ್ ಕಾಮಿಕ್ಸ್ ತೋರಿಸಿ. ಅಂಗನವಾಡಿ ಟೀಚರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್: ಅಲ್ಲಿ ಕನ್ನಡದ ಚಿತ್ರಕಥೆಗಳನ್ನು ಇಳಿಸಿಕೊಂಡು ಮುದ್ರಿಸಲೂಬಹುದು, ಹೊಸದನ್ನು ಅನುವಾದಿಸಿ ಸೇರಿಸಲೂಬಹುದು. ಪದಗಳ ಹುಚ್ಚಿರುವವರಿಗೆ ವಿ. ಕೃಷ್ಣ ಅವರ 'ಅಲರ್' ನಿಘಂಟು. 1970ರ ದಶಕದಲ್ಲಿ ಹಿಡಿದ ಕೆಲಸವನ್ನು ದಶಕಗಳ ಕಾಲ ಬಿಡದೆ ಮಾಡಿ, ಒಂದೂವರೆ ಲಕ್ಷ ಕನ್ನಡ ಪದಗಳನ್ನು ಇಂಗ್ಲಿಷ್ ಅರ್ಥಸಮೇತ ಒಟ್ಟುಮಾಡಿ, 2019ರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟರು. ದಿನವೂ ಬರೆಯುವ ಎಷ್ಟೋ ಜನರಿಗೆ ಇದರ ಸುದ್ದಿ ತಲುಪಿಲ್ಲ ಎಂಬುದು ನನಗೆ ಕಿರಿಕಿರಿ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ. ಚಿತ್ರದ ಮೂಲೆಯಲ್ಲಿರುವ ಹೆಸರನ್ನು ಕತ್ತರಿಸಿ ಕಳಿಸಬೇಡಿ. ರ್‍ಯಾಂಡಲ್ ಮನ್ರೋ 2005ರಿಂದ ಬರೆಯುತ್ತಿರುವ ಎಕ್ಸ್‌ಕೆಸಿಡಿ ಎಂಬ ಕಡ್ಡಿಗೊಂಬೆಗಳ ಕಾಮಿಕ್ಸನ್ನೇ ತೆಗೆದುಕೊಳ್ಳಿ. ವ್ಯಾಪಾರಕ್ಕಲ್ಲದೆ, ತನ್ನ ಹೆಸರು ಹೇಳಿ ಯಾರು ಬೇಕಾದರೂ ಹಂಚಿ ಎಂದು ಅವರೇ ಅನುಮತಿ ಕೊಟ್ಟಿದ್ದಾರೆ. ಹೆಸರು ಕೀಳುವ ಅಗತ್ಯವೇ ಇಲ್ಲ! ಕಂಪ್ಯೂಟರಿನಲ್ಲಿ ಮೌಸನ್ನು ಚಿತ್ರದ ಮೇಲೆ ಇಟ್ಟರೆ ಇನ್ನೊಂದು ಸಾಲಿನ ಜೋಕು ಮೂಡುತ್ತದೆ. ಬರೀ ಚಿತ್ರ ಕಳಿಸಿದಾಗ ಆ ಸಾಲೂ ಹೋಯಿತು, ಉಳಿದ ಸಾವಿರಾರು ಚಿತ್ರಗಳಿಗೆ ಹೋಗುವ ದಾರಿಯೂ ಹೋಯಿತು. ಇನ್ನು ಕೈಕೆಲಸದ ಗುಂಪುಗಳಲ್ಲಿ ಹೆಂಗಸರು ಹಾಕಿದ ಫೋಟೋ ಇದ್ದರೆ, ಅವರನ್ನು ಒಂದು ಮಾತು ಕೇಳದೆ ಎತ್ತಿಕೊಂಡು ಬರಬೇಡಿ.

ಮೊಬೈಲು ಇಲ್ಲದವರಿಗೂ ದಾರಿಯಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ, ಎಷ್ಟೋ ಕಡೆ ಕಂಪ್ಯೂಟರ್ ಇದೆ. ಗ್ರಂಥಪಾಲಕರನ್ನು ಕೇಳಿ ಗೋಡೆಯ ಮೇಲೆ ಒಂದು ಹಾಳೆಯ ಜಾಗ ಪಡೆಯಿರಿ. ಏನು ಸಿಕ್ಕಿತು, ಮಾಡಿದವರು ಯಾರು, ಏನೆಂದು ಟೈಪ್ ಮಾಡಿದರೆ ಸಿಗುತ್ತದೆ, ಯಾರಿಗೆ ಉಪಯೋಗ: ಇಷ್ಟನ್ನು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ.

ನಮ್ಮ ಓಣಿಯ ಗ್ರಂಥಾಲಯಕ್ಕೆ ನನ್ನ ಹಾಳೆ ಸಿದ್ಧವಾಗಿದೆ. "ಗವಂತಿ ಬಲ್ಲವರು ಬ್ಲ್ಯಾಕ್‌ವರ್ಕ್ ಎಂದು ಹುಡುಕಿ ನೋಡಿ" ಎಂದು ಬರೆದಿದ್ದೆ. ಕಾಕೂ ಓದಿ, ಪೆನ್ನು ಕಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾರೆ: "ಗವಂತಿ ಬರಲಾರದವರು ಸಂಜೆ ನಾಕರ ಮ್ಯಾಲೆ ನಮ್ಮನಿಗೆ ಬರ್ರಿ."