ರೊಟ್ಟಿ ಬಡಿಯಲು ಬರದಿದ್ದರೆ ಮುದ್ದೆ ತಿರುವಿ

ಆಳಂದ, ಅಫಜಲಪುರ, ಜೇವರ್ಗಿಯಿಂದ ಬಂದು ಕಲಬುರಗಿಯಲ್ಲಿ ಖೋಲಿ ಹಿಡಿದು ಓದುವ ಹುಡುಗರ ರೊಟ್ಟಿ ಇಂದಿಗೂ ಊರ ಬಸ್ಸಿನಲ್ಲೇ ಬರುತ್ತದೆ. ನಾವೂ ಹಾಗೇ ಉಂಡು ಓದಿದವರು. ಆ ಬುತ್ತಿಗಾಗಿ ಅವ್ವ ನಸುಕಿನಲ್ಲೇ ಒಲೆ ಹಚ್ಚುತ್ತಿದ್ದಳು ಎಂಬುದು ಆಗ ನಮ್ಮ ತಲೆಗೆ ಹೋಗಲಿಲ್ಲ.

ರೊಟ್ಟಿ ಬಡಿಯುವುದು ಕಷ್ಟ, ಒಪ್ಪುತ್ತೇವೆ. ಆದರೆ ಜೋಳ ಉಣ್ಣಲು ರೊಟ್ಟಿಯೊಂದೇ ದಾರಿಯಲ್ಲ. ಜೋಳದ ತವರು ಆಫ್ರಿಕಾ. ಸುಮಾರು 5,000 ವರ್ಷಗಳ ಹಿಂದೆಯೇ ಅದನ್ನು ಬೆಳೆದ ಕುರುಹು ಪೂರ್ವ ಸುಡಾನಿನಲ್ಲಿ ಸಿಕ್ಕಿದೆ. ಅಲ್ಲಿನವರು ಜೋಳದ ಹಿಟ್ಟನ್ನು ಕುದಿಯುವ ನೀರಲ್ಲಿ ತಿರುವಿ ‘ಅಸೀದಾ’ ಎಂಬ ಮುದ್ದೆ ಮಾಡುತ್ತಾರೆ, ಬೆಂಡೆಕಾಯಿ ಸಾರಿನೊಂದಿಗೆ ಉಣ್ಣುತ್ತಾರೆ. ಪಶ್ಚಿಮ ಆಫ್ರಿಕಾದಲ್ಲಿ ಸಾರಿಗೆ ಶೇಂಗಾ ಅರೆದು ಹಾಕುತ್ತಾರೆ. ಇವೆಲ್ಲ ನಮ್ಮ ಸಂತೆಯಲ್ಲೇ ಸಿಗುತ್ತವೆ.

ಒಂದು ಲೋಟ ಹಿಟ್ಟಿಗೆ ಎರಡೂವರೆ ಲೋಟ ನೀರು, ಚಿಟಿಕೆ ಉಪ್ಪು. ಗಂಟಾಗದಂತೆ ತಿರುವಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ಇನ್ನೊಂದು ಪಾತ್ರೆಯಲ್ಲಿ ಉಳ್ಳಾಗಡ್ಡಿ, ಟೊಮೆಟೊ, ಬೆಂಡೆಕಾಯಿ ಬೇಯಿಸಿ. ಉಪ್ಪು, ಖಾರ, ಹುರಿದು ಕುಟ್ಟಿದ ಶೇಂಗಾ ಹಾಕಿ ಕುದಿಸಿ. ಅರ್ಧ ತಾಸಿನಲ್ಲಿ ಊಟ ಸಿದ್ಧ.

ನಮ್ಮ ಮನೆಗಳು ಹುಡುಗಿಯರಿಗೆ ಅಡುಗೆ ಕಲಿಸುತ್ತವೆ, ಹುಡುಗರಿಗೆ ಬುತ್ತಿ ಕಳಿಸುತ್ತವೆ. ಇದು ನಿಲ್ಲಬೇಕು. ಮುಂದಿನ ವಾರ ಬಸ್ಸಿಗೆ ಬುತ್ತಿಯ ಬದಲು ಹಿಟ್ಟಿನ ಚೀಲ ಇಡಿ. ಅವ್ವ ಒಂದು ದಿನವಾದರೂ ಬೆಳಕು ಹರಿದ ಮೇಲೆ ಏಳಲಿ.