ಗಟ್ಟಿಯಾಗಿ ಎಣಿಸಿ, ತಾತ!

ಮಕ್ಕಳೇ, ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ಬಲವಾಗಿ ತಳ್ಳಿ ನೋಡಿ. ಗೋಡೆ ಅಲುಗುವುದಿಲ್ಲ, ನೀವೂ ಅಲುಗುವುದಿಲ್ಲ. ಆದರೂ ತೋಳು ನಡುಗುತ್ತದೆ, ಮುಖ ಕೆಂಪಾಗುತ್ತದೆ. ಹೀಗೆ ಕೈಕಾಲು ಆಡಿಸದೆ ಬಿಗಿಹಿಡಿಯುವುದೇ ಸ್ಥಿರ ವ್ಯಾಯಾಮ. ತುಂಬಿದ ಬಿಂದಿಗೆ ಹಿಡಿದು ನಿಲ್ಲುವಾಗಲೂ ತೋಳು ಮಾಡುವುದು ಅದನ್ನೇ.

ಆಗ ಒಳಗೆ ಏನಾಗುತ್ತದೆ? ತೋಟಕ್ಕೆ ನೀರು ಬಿಡುವ ಪೈಪನ್ನು ಕಾಲಲ್ಲಿ ಮೆಟ್ಟಿದ ಹಾಗೆ, ಬಿಗಿಯಾದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಹಿಂಡುತ್ತದೆ. ರಕ್ತ ಸಾಲದೆ ಅದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಹೃದಯ ಬೇಗ ಬೇಗ ಬಡಿಯುತ್ತದೆ, ಬೇರೆ ಕಡೆಯ ನಾಳಗಳು ಕಿರಿದಾಗುತ್ತವೆ. ನಡೆಯುವಾಗ ಬಿ.ಪಿ.ಯ ಮೇಲಿನ ಅಂಕಿ ಮಾತ್ರ ಮುಖ್ಯವಾಗಿ ಏರುತ್ತದೆ; ಇಲ್ಲಿ ಕೆಳಗಿನದೂ ಏರುತ್ತದೆ.

ನಿಮ್ಮ ರಕ್ತನಾಳ ಹೊಸ ರಬ್ಬರಿನಂತೆ ಹಿಗ್ಗುತ್ತದೆ. ನನ್ನಂಥ ಎಪ್ಪತ್ತು ದಾಟಿದವರದು ಪೆಡಸಾಗಿರುತ್ತದೆ. ನಮ್ಮ ಹೃದಯದ ಬಡಿತವೂ ನಿಮ್ಮಷ್ಟು ಏರುವುದಿಲ್ಲ. ಒತ್ತಡ ಏರುವುದು ಹೆಚ್ಚಾಗಿ ನಾಳಗಳ ಬಿಗಿತದಿಂದಲೇ. ಇನ್ನೊಂದು ಲೆಕ್ಕವೂ ಇದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಮೊದಲು ಆರಂಭದ ಶಿಲ್ಕು ನೋಡುವುದು ಅಭ್ಯಾಸ. 120ಕ್ಕೆ 40 ಸೇರಿದರೆ 160. ಆದರೆ ತಾತನ ಆರಂಭವೇ 150 ಆಗಿದ್ದರೆ? 190!

ಇದರ ಮೇಲೆ ಉಸಿರು ಕಟ್ಟಿದರೆ ಒತ್ತಡ ಇನ್ನೂ ನೆಗೆಯುತ್ತದೆ. 1985ರಲ್ಲಿ ಕೆನಡಾದ ಸಂಶೋಧಕರು ಐದು ಮಂದಿ ಪಳಗಿದ ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ಒತ್ತಡ ಅಳೆದರು. ಎರಡೂ ಕಾಲಿನಿಂದ ಭಾರಿ ತೂಕ ತಳ್ಳುವಾಗ ಅದು ಸರಾಸರಿ 320/250ಕ್ಕೆ ಏರಿತ್ತು! ಅವರು ಗಟ್ಟಿಮುಟ್ಟಾದ ಯುವಕರು. ಪೆಡಸು ನಾಳದವರು ಉಸಿರು ಬಿಗಿಹಿಡಿದು ಗ್ಯಾಸ್ ಸಿಲಿಂಡರ್ ಎತ್ತುವುದು ಏಕೆ ಬೇಡ ಎಂಬುದು ಇದರಿಂದ ತಿಳಿಯುತ್ತದೆ.

ಹಾಗೆಂದು ಅಜ್ಜ ಅಜ್ಜಿಯರು ವ್ಯಾಯಾಮ ಬಿಟ್ಟು ಕೂರಬಾರದು. ಕುರ್ಚಿಯಿಂದ ಏಳಲು, ಬಕೆಟ್ ಎತ್ತಲು ಸ್ನಾಯುವಿನ ಬಲ ಬೇಕೇ ಬೇಕು. ಹದವಾದ ಸ್ಥಿರ ವ್ಯಾಯಾಮವನ್ನು ಕೆಲವು ವಾರ ತಪ್ಪದೆ ಮಾಡಿದರೆ ವಿಶ್ರಾಂತಿಯಲ್ಲಿರುವಾಗಿನ ಬಿ.ಪಿ. ಇಳಿಯುವುದೂ ಉಂಟು. ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಪೂರ್ತಿ ಬಲ ಹಾಕಬೇಡಿ. ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಬಿಡಿ. ತಲೆ ಸುತ್ತಿದರೆ, ಎದೆ ನೋವು ಬಂದರೆ ತಕ್ಷಣ ನಿಲ್ಲಿಸಿ, ಮನೆಯವರಿಗೆ ಹೇಳಿ.

ಮಕ್ಕಳೇ, ನಿಮಗೊಂದು ಕೆಲಸ. ತಾತ ಗೋಡೆ ತಳ್ಳುವಾಗ ಪಕ್ಕದಲ್ಲಿ ನಿಂತು, ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಲು ಹೇಳಿ. ಎಣಿಸುವ ಬಾಯಿ ಉಸಿರು ಕಟ್ಟಲಾರದು. ಎಣಿಕೆ ನಡುವೆ ನಿಂತಿತೋ, "ತಾತ, ಉಸಿರು ಬಿಡಿ!" ಎಂದು ಕೂಗಿಬಿಡಿ.